ಮುಗಿಸದ ಕಾದಂಬರಿಯ ಬಗ್ಗೆ ಮಾತಾಡುವುದು ಹೇಗೆ?

“ಈಗೇನು ಓದ್ತಾ ಇದೀರಿ?” ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಬಹಳ ಜನ ಪುಸ್ತಕದ ಹೆಸರು ಹೇಳಿ, “ಚೆನ್ನಾಗಿದೆ, ನೀವೂ ಓದಿ” ಎಂದು ಕೈತೊಳೆದುಕೊಳ್ಳುತ್ತಾರೆ. ಉಳಿದವರು “ಇನ್ನೂ ಮುಗಿದಿಲ್ಲ, ಮುಗಿಸಿ ಹೇಳ್ತೀನಿ” ಎಂದು ಜಾರಿಕೊಳ್ಳುತ್ತಾರೆ. ಮುಗಿಸಿದ ಮೇಲೆ ಬಂದು ಹೇಳಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ. ಹೇಳಿದರೂ ಆಗ ಬಾಯಿಂದ ಬರುವುದು ತೀರ್ಪು. ಕಾದಂಬರಿ ನಮ್ಮನ್ನು ಕಾಡುವುದು ನಾವಿನ್ನೂ ಅದರೊಳಗೆ ಇರುವಾಗ. ಮಾತಾಡಬೇಕಾದದ್ದೂ ಆಗಲೇ.

ಇದು ಕನ್ನಡಿಗರಿಗೆ ಹೊಸದೇನಲ್ಲ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಓದುಗರೆಲ್ಲ ಅರ್ಧ ಕಥೆಯನ್ನೇ ಮಾತಾಡುತ್ತಿದ್ದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಆ ವಾರದ ಕಂತು ಓದಿದವರಿಗೆ ನಾಯಕಿ ನಾದಿರಾಳ ಮುಂದಿನ ಗತಿ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಯಾರ ಊಹೆಯೂ ಇನ್ನೊಬ್ಬರದಕ್ಕಿಂತ ಕಡಿಮೆಯಾಗಿರಲಿಲ್ಲ. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪುಸ್ತಕ, ಒಬ್ಬೊಬ್ಬರದು ಒಂದೊಂದು ಪುಟ. ಆ ಸುಖ ಮತ್ತೆ ಬೇಕಿದ್ದರೆ ಸ್ವಲ್ಪ ಏರ್ಪಾಡು ಬೇಕಾಗುತ್ತದೆ.

ಹಂತ 1: ತೆಳ್ಳನೆಯದನ್ನು ಹಿಡಿಯಿರಿ

ಐದಾರು ಜನ ಸೇರಿದರೆ ಸಾಕು. ಎಲ್ಲರೂ ಒಂದೇ ಪುಸ್ತಕ ಓದಬೇಕೆಂಬ ನಿಯಮ ಬೇಡ. ಹಾಗೆ ಮಾಡಿದ ಕೂಟಗಳು ಬೇಗ ಹೋಂವರ್ಕ್ ಆಗಿಬಿಡುತ್ತವೆ, ಓದದವರು ಬರುವುದನ್ನೇ ನಿಲ್ಲಿಸುತ್ತಾರೆ. ಅವರವರಿಗೆ ಇಷ್ಟವಾದದ್ದು ಅವರವರು ಓದಲಿ. ಮೊದಲ ಸಲ ಮಾತ್ರ ದಪ್ಪ ಪುಸ್ತಕಕ್ಕೆ ಕೈಹಾಕದಿರುವುದು ಲೇಸು. ತೇಜಸ್ವಿಯವರ ‘ಕರ್ವಾಲೊ’, ಅನಂತಮೂರ್ತಿಯವರ ‘ಸಂಸ್ಕಾರ’, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇವು ಯಾವುವೂ ಹೆದರಿಸುವ ಗಾತ್ರದವಲ್ಲ.

ಹಂತ 2: ಸಿಕ್ಕಿನಲ್ಲಿ ನಿಲ್ಲಿಸಿ

ಅಧ್ಯಾಯ ಮುಗಿದ ಕಡೆ ಪುಸ್ತಕ ಮಡಚುವುದು ನಮ್ಮ ಅಭ್ಯಾಸ. ಮಾತಾಡಲು ಹೊರಟವರು ಕಥೆ ಸಿಕ್ಕಿಗೆ ಬಿದ್ದ ಕಡೆ ಮಡಚಬೇಕು. ‘ಸಂಸ್ಕಾರ’ ನೋಡಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತ ಸುದ್ದಿ ಶುರುವಿನಲ್ಲೇ ಬರುತ್ತದೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನ ಹೆಣವನ್ನು ಸುಡುವವರು ಯಾರು? ಹೆಣ ಅಲ್ಲಿರುವ ತನಕ ಊರಿನವರು ಊಟ ಮಾಡುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿಹಾಕುತ್ತಿದ್ದಾರೆ. ಅಲ್ಲಿಗೆ ನಿಲ್ಲಿಸಿ ಬಂದು ಕೂತರೆ ಅರ್ಧ ಗಂಟೆಗೆ ಬೇಕಾದಷ್ಟು ಮಾತು ನಿಮ್ಮ ಕೈಯಲ್ಲಿರುತ್ತದೆ. ಮುಂದೇನಾಯಿತು ಎಂಬುದು ನಿಮಗೂ ಗೊತ್ತಿಲ್ಲವಲ್ಲ, ಅದೇ ನಿಮ್ಮ ಬಂಡವಾಳ.

ಹಂತ 3: ಒಂದು ಚೀಟಿ

ಗ್ರಂಥಾಲಯದ ಪುಸ್ತಕವಾದರೆ ದಯವಿಟ್ಟು ಅಂಚಿನಲ್ಲಿ ಗೀಚಬೇಡಿ. ಬಸ್ ಟಿಕೆಟ್ಟೋ ಹಳೆಯ ರಸೀತಿಯೋ ಸಾಕು. ಯಾವ ಪುಟದಲ್ಲಿದ್ದೀರಿ, ತಲೆಯಲ್ಲಿ ಕೂತಿರುವ ಪಾತ್ರ ಯಾವುದು, ಮುಂದೆ ಏನಾಗಬಹುದು ಎಂದು ಬರೆದಿಡಿ. ಕೊನೆಯದನ್ನು ಬಿಡಬೇಡಿ. ಪುಸ್ತಕ ಮುಗಿದ ಮರುದಿನ “ನಂಗೆ ಆಗಲೇ ಗೊತ್ತಿತ್ತು” ಅನ್ನುವವರೇ ಎಲ್ಲರೂ.

ಹಂತ 4: ಮೂರು ನಿಮಿಷ ಮಾತಾಡಿ

ಹೊಸಬರು ಸೋಲುವುದು ಇಲ್ಲೇ. ಕಥೆ ಹೇಳಲು ಹೋಗುತ್ತಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗಿನಿಂದ ಇವತ್ತಿನವರೆಗೆ ಅದರ ಕಥೆಯನ್ನು ಮೂರು ನಿಮಿಷದಲ್ಲಿ ಹೇಳಿ ಗೆದ್ದವರು ಇರಲಾರರು. ಅಷ್ಟು ಮನೆಗಳು, ಅಷ್ಟು ಜೋಡಿಗಳು, ಯಾವ ಹೆಗ್ಗಡೆ ಯಾವ ಊರಿನವನು ಅನ್ನುವಷ್ಟರಲ್ಲೇ ಕೇಳುವವರು ಆಕಳಿಸುತ್ತಾರೆ. ಅದರ ಬದಲು ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಡಿದುಕೊಳ್ಳಿ. ಅವರಿಬ್ಬರೂ ಕಾಡಿನ ದಾರಿಯಲ್ಲಿ ನಡೆಯುವುದನ್ನಷ್ಟೇ ಹೇಳಿ. ಮಲೆನಾಡು ತಾನಾಗಿ ಹಿಂದಿನಿಂದ ಬರುತ್ತದೆ.

ಮಾತು ಹೇಗಿರಬೇಕೆಂದು ಒಂದು ಮಾದರಿ ಕೊಡುತ್ತೇನೆ:

“ನಾನು ‘ಕರ್ವಾಲೊ’ ಹಿಡಿದಿದೀನಿ, ಇನ್ನೂ ಅರ್ಧ ಆಗಿಲ್ಲ. ಅದರಲ್ಲಿ ಮಂದಣ್ಣ ಅಂತ ಒಬ್ಬ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಅವನಿಗೆ ಬೇಕಾಗಿರೋದು ಒಂದು ನೌಕರಿ, ಒಂದು ಮದುವೆ, ಅಷ್ಟೇ. ಆದ್ರೆ ಕರ್ವಾಲೊ ಅನ್ನೋ ದೊಡ್ಡ ವಿಜ್ಞಾನಿ ಅವನನ್ನ ಬಿಟ್ಟು ಇರೋದೇ ಇಲ್ಲ. ಕಥೆ ಹೇಳೋನಿಗೂ ಅನುಮಾನ, ನನಗೂ ಅನುಮಾನ: ಈ ಮನುಷ್ಯನಿಗೆ ಮಂದಣ್ಣನಲ್ಲಿ ಕಾಣಿಸ್ತಿರೋದು ಏನು?”

ಇಷ್ಟೇ. ಹೊಗಳಿಕೆಯ ಒಂದು ಮಾತೂ ಇಲ್ಲದೆ ಪುಸ್ತಕ ಇಷ್ಟವಾಗಿದೆ ಎಂಬುದು ಗೊತ್ತಾಯಿತು. ಓದಿದವರು ಒಳಗೊಳಗೇ ನಗುತ್ತಾರೆ, ಓದದವರು ಪುಸ್ತಕ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ. “ಲೇಖಕರು ಸಮಾಜದ ಓರೆಕೋರೆಗಳನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ” ಎಂಬ ಧಾಟಿಯನ್ನು ಪುಸ್ತಕ ಬಿಡುಗಡೆಯ ವೇದಿಕೆಗೇ ಬಿಟ್ಟುಕೊಡೋಣ.

ಕೆಲವು ಕಾದಂಬರಿಗಳಿಗೆ ಇದೂ ಸಾಲದು, ಓದಿಯೇ ತೋರಿಸಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ ಅಂಥದ್ದು. ನಂಜನಗೂಡು ಸೀಮೆಯ ಆ ನುಡಿಯನ್ನು ಕಣ್ಣಲ್ಲೇ ಓದಹೊರಟ ಬೇರೆ ಸೀಮೆಯವರು ಎರಡನೇ ಪುಟಕ್ಕೆ ಕೈಚೆಲ್ಲುವುದುಂಟು. ಅರ್ಧ ಪುಟ ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸು. ಆ ಸೀಮೆಯವರೇ ಯಾರಾದರೂ ಗುಂಪಿನಲ್ಲಿದ್ದರೆ ಅವರ ಕೈಗೇ ಪುಸ್ತಕ ಕೊಡಿ, ನೀವು ಸುಮ್ಮನೆ ಕೂತು ಕೇಳಿ. ರಾವಬಹಾದ್ದೂರರ ‘ಗ್ರಾಮಾಯಣ’ದ ಸರದಿ ಬಂದಾಗ ಉತ್ತರ ಕರ್ನಾಟಕದವರಿಗೆ ಅದೇ ಮರ್ಯಾದೆ ಸಲ್ಲಲಿ.

ಹಂತ 5: ಕೇಳುವವರ ಕೆಲಸ

“ಇದರ ಸಂದೇಶ ಏನು?” ಅಂತ ಕೇಳಿದರೆ ಮಾತು ಅಲ್ಲಿಗೇ ಸಾಯುತ್ತದೆ. “ಯಾರ ಮೇಲೆ ಸಿಟ್ಟು ಬಂತು?” ಎಂದು ಕೇಳಿ ನೋಡಿ. ಭೈರಪ್ಪನವರ ‘ಗೃಹಭಂಗ’ ಓದುತ್ತಿರುವವರು ಅತ್ತೆ ಗಂಗಮ್ಮನನ್ನು ಬೈಯಲು ಶುರುಮಾಡಿ, ಅವಳ ಮಗ ಚೆನ್ನಿಗರಾಯನ ಹತ್ತಿರ ಬರುವಷ್ಟರಲ್ಲಿ ದನಿ ಏರಿಸಿರುತ್ತಾರೆ. ಸೊಸೆ ನಂಜಮ್ಮನ ವಿಷಯಕ್ಕೆ ಬಂದಾಗ ದನಿ ತಗ್ಗುತ್ತದೆ. ಆ ಏರಿಳಿತದಲ್ಲೇ ಕಾದಂಬರಿ ಹೇಗಿದೆ ಎಂಬುದು ನಿಮಗೆ ತಿಳಿದಿರುತ್ತದೆ.

ಮೊದಲೇ ಓದಿದವರಿಗೆ ಒಂದೇ ಶರತ್ತು: ಕೊನೆಯನ್ನು ಹೇಳಕೂಡದು, “ಮುಂದೆ ಗೊತ್ತಾಗತ್ತೆ ಬಿಡಿ” ಎಂಬ ಮುಗುಳ್ನಗೆಯೂ ಕೂಡದು. ಭೈರಪ್ಪನವರದೇ ‘ಪರ್ವ’ಕ್ಕೆ ಮಾತ್ರ ಈ ಶರತ್ತು ಬೇಕಿಲ್ಲ, ಕುರುಕ್ಷೇತ್ರದಲ್ಲಿ ಗೆದ್ದವರು ಯಾರೆಂದು ಮಕ್ಕಳಿಗೂ ಗೊತ್ತು. ಅಲ್ಲಿ ಕೇಳಬೇಕಾದದ್ದು ಬೇರೆ. ಕಥೆ ಹಸ್ತಿನಾವತಿಯನ್ನು ಬಿಟ್ಟು ಮದ್ರದ ಮುದುಕ ಶಲ್ಯನ ಮನೆಯಿಂದ ಯಾಕೆ ಶುರುವಾಗುತ್ತದೆ? ಈ ಪ್ರಶ್ನೆಗೆ ನನ್ನ ಉತ್ತರ ಇನ್ನೂ ಬದಲಾಗುತ್ತಲೇ ಇದೆ.

ಇನ್ನೊಂದು ತೊಂದರೆ ಸಿನಿಮಾ ನೋಡಿದವರದು. ‘ಸಂಸ್ಕಾರ’ 1970ರಲ್ಲೇ ತೆರೆಗೆ ಬಂದಿದೆ. ‘ವಂಶವೃಕ್ಷ’, ‘ಫಣಿಯಮ್ಮ’, ‘ಗೆಜ್ಜೆಪೂಜೆ’ ಎಲ್ಲವೂ ಚಿತ್ರವಾಗಿವೆ. ಚಿತ್ರ ನೋಡಿದವರು ಮಾತಾಡಲಿ, ಆದರೆ ನೋಡಿದ್ದು ಚಿತ್ರವನ್ನು ಎಂದು ಮೊದಲೇ ಹೇಳಿಬಿಡಲಿ.

ಹಂತ 6: “ಬಿಟ್ಟೆ” ಅನ್ನಲು ನಾಚಬೇಡಿ

ಅರವತ್ತನೇ ಪುಟಕ್ಕೆ ಪುಸ್ತಕ ಮುಚ್ಚಿಟ್ಟದ್ದೂ ಓದಿನ ಸುದ್ದಿಯೇ. ಎಲ್ಲಿ ಬಿಟ್ಟಿರಿ, ಯಾಕೆ ಎಂದು ಹೇಳಿ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ನಾಗಪ್ಪನ ತಳಮಳ ಉಸಿರು ಕಟ್ಟಿಸುತ್ತದೆಂದು ಒಬ್ಬರು ಬಿಟ್ಟರೆ, ಅದೇ ಕಾರಣಕ್ಕೆ ಪಕ್ಕದವರು ಅದನ್ನು ಎತ್ತಿಕೊಳ್ಳುತ್ತಾರೆ.

ಹಂತ 7: ಕೂಡುವುದು

ತಿಂಗಳಿಗೊಮ್ಮೆ, ಒಂದೂವರೆ ಗಂಟೆ, ಯಾರದಾದರೂ ಮನೆ ಅಥವಾ ಗ್ರಂಥಾಲಯದ ಮೂಲೆ. ಕಾಫಿ ಸಾಕು, ತಿಂಡಿ ಮಾಡಹೊರಟರೆ ಆ ಮನೆಯವರೊಬ್ಬರು ಅಡುಗೆಮನೆಯಲ್ಲೇ ಉಳಿದು ಅವರ ಕಾದಂಬರಿಯ ಮಾತೇ ಬರುವುದಿಲ್ಲ. ಮಗಳು ಶಾರ್ಜಾದಲ್ಲೋ ತಮ್ಮ ಡಲ್ಲಾಸ್‌ನಲ್ಲೋ ಇದ್ದರೆ ಅವರೂ ವಾಟ್ಸ್‌ಆ್ಯಪ್‌ನಲ್ಲಿ ಮೂರು ನಿಮಿಷದ ಧ್ವನಿಮುದ್ರಿಕೆ ಕಳಿಸಲಿ. ಪುಸ್ತಕ ಸಿಗುವುದಿಲ್ಲ ಎಂಬ ನೆಪಕ್ಕೆ ಮೈಲ್ಯಾಂಗ್‌ನಂಥ ಆ್ಯಪ್‌ಗಳು ಬಂದಮೇಲೆ ಬಲವಿಲ್ಲ. ಕನ್ನಡದ ಇ-ಪುಸ್ತಕ, ಕೇಳುಪುಸ್ತಕ ಎರಡೂ ಅಲ್ಲಿವೆ. ದೊಡ್ಡ ಮಾತುಗಾರರೊಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅವರನ್ನು ಕೊನೆಗಿಡಿ.

ಎಲ್ಲರ ಚೀಟಿಗಳನ್ನೂ ಒಂದು ಡಬ್ಬಿಗೆ ಹಾಕಿ. ಮುಂದಿನ ತಿಂಗಳು ಕೂತಕೂಡಲೇ ಅವನ್ನು ತೆಗೆದು ಊಹೆಗಳನ್ನು ಗಟ್ಟಿಯಾಗಿ ಓದಿಸಿ. ಪುಸ್ತಕ ಮುಗಿಸಿದವರಲ್ಲಿ ಯಾರ ಊಹೆ ತೀರಾ ತಲೆಕೆಳಗಾಗಿದೆಯೋ ಆವತ್ತಿನ ಮೊದಲ ಮಾತು ಅವರದು.