ಹಾಲೂಡುವಾಗ ನೋವೇ? ಮೊದಲು ಮಗುವಿನ ಬಾಯಿ ನೋಡಿ

ಹೆರಿಗೆಯಾದ ಮೂರನೆಯದೋ ನಾಲ್ಕನೆಯದೋ ದಿನ ಬಾಣಂತಿ ಮಗುವನ್ನು ಎದೆಗೆ ಹಾಕಿಕೊಳ್ಳುವಾಗ ಹಲ್ಲು ಕಚ್ಚಿ, ಕಾಲ್ಬೆರಳು ಮಡಚಿಕೊಂಡರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ‘ಎಲ್ಲರಿಗೂ ಹೀಗೇ ಕಣೇ, ನಾಲ್ಕು ದಿನ ತಡ್ಕೋ’ ಎನ್ನುವುದು ಒಂದು. ‘ಪಾಪ, ರಾತ್ರಿ ಒಂದು ಹೊತ್ತು ಡಬ್ಬದ ಹಾಲು ಕೊಟ್ಟುಬಿಡೋಣ’ ಎನ್ನುವುದು ಇನ್ನೊಂದು. ಎರಡೂ ಅಕ್ಕರೆಯ ಮಾತುಗಳೇ. ಆದರೆ ನೋವು ಬರುತ್ತಿರುವುದು ಎಲ್ಲಿಂದ ಎಂದು ಎರಡೂ ಕೇಳುವುದಿಲ್ಲ. ಮೊದಲ ವಾರದ ನೋವಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಮಗು ಎದೆಯನ್ನು ಹಿಡಿದಿರುವ ರೀತಿ. ಅದನ್ನು ಕೈಯಿಂದಲೇ, ಅದೇ ಕ್ಷಣದಲ್ಲಿ, ಕಾಸು ಖರ್ಚಿಲ್ಲದೆ ಸರಿಪಡಿಸಬಹುದು. ಆದ್ದರಿಂದ ಸಹನೆ, ಮುಲಾಮು, ಬಾಟಲಿ ಇವು ಮೂರಕ್ಕೂ ಮೊದಲು ಆಗಬೇಕಾದ ಕೆಲಸ ಮಗುವಿನ ಬಾಯಿಯನ್ನು ನೋಡುವುದು.

ಆಸ್ಪತ್ರೆಯಲ್ಲಿ ಇಷ್ಟನ್ನು ಹೇಳಿಕೊಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಮಾತ್ರ ಶೇ 41.8. ಆಸ್ಪತ್ರೆಯ ಛಾವಣಿ ಸಿಕ್ಕ ಮಾತ್ರಕ್ಕೆ ಹಾಲೂಡಿಸುವುದಕ್ಕೆ ನೆರವು ಸಿಕ್ಕಂತಾಗಲಿಲ್ಲ ಎನ್ನಲು ಇಷ್ಟು ಸಾಕು. ದಿನಗಳ ಲೆಕ್ಕವೂ ಬಾಣಂತಿಗೆ ಅನುಕೂಲವಾಗಿಲ್ಲ. ಸಹಜ ಹೆರಿಗೆಯಾದವರನ್ನು ಸುಮಾರು 48 ಗಂಟೆಗಳಲ್ಲಿ ಮನೆಗೆ ಕಳಿಸುತ್ತಾರೆ. ಗಿಣ್ಣುಹಾಲು ಹೋಗಿ ಎದೆ ತುಂಬಿ ಹಾಲು ಇಳಿಯುವುದು ಎರಡರಿಂದ ಐದನೆಯ ದಿನದೊಳಗೆ. ಅಂದರೆ ಎದೆ ಬಿಗಿದು, ತೊಟ್ಟು ಉರಿಯುವ ಹೊತ್ತಿಗೆ ಬಾಣಂತಿ ತವರಿನ ಕೋಣೆಯಲ್ಲಿರುತ್ತಾಳೆ. ನೋಡಿ ತಿದ್ದಬಲ್ಲ ನರ್ಸ್ ವಾರ್ಡಿನಲ್ಲಿ ಉಳಿದಿರುತ್ತಾರೆ.

ಮಗು ಹಾಲು ಕುಡಿಯುವುದು ಬರೀ ತೊಟ್ಟನ್ನು ಚೀಪಿ ಅಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಬಾಯ್ತುಂಬ ಒಳಗೆಳೆದುಕೊಂಡು, ನಾಲಿಗೆ ಕೆಳಗಿಳಿಸಿ ಹಾಲು ಬರಿಸಿಕೊಳ್ಳುತ್ತದೆ. ಹಾಗೆ ಹಿಡಿದಾಗ ತೊಟ್ಟು ಬಾಯಿಯ ಹಿಂಭಾಗದಲ್ಲಿ, ಗಟ್ಟಿ ಅಂಗುಳ ಮುಗಿದು ಮೆತ್ತನೆಯದು ಶುರುವಾಗುವ ಜಾಗದ ಹತ್ತಿರ ಇರುತ್ತದೆ. ಅಲ್ಲಿ ಅದಕ್ಕೆ ಪೆಟ್ಟಾಗುವುದಿಲ್ಲ. ತುದಿಬಾಯಲ್ಲಿ ಹಿಡಿದರೆ ಅದೇ ತೊಟ್ಟು ನಾಲಿಗೆಗೂ ಗಟ್ಟಿ ಅಂಗುಳಕ್ಕೂ ನಡುವೆ ಸಿಕ್ಕಿ ಗುಟುಕು ಗುಟುಕಿಗೂ ಜಜ್ಜಿಹೋಗುತ್ತದೆ. ಹೀಗೆ ಹಿಡಿದ ಮಗುವಿಗೆ ಹಾಲೂ ಸರಿಯಾಗಿ ಬರುವುದಿಲ್ಲ. ಹೊಟ್ಟೆ ತುಂಬದೆ ಗಂಟೆಗಟ್ಟಲೆ ಚೀಪುತ್ತದೆ, ತೊಟ್ಟು ಇನ್ನಷ್ಟು ಒಡೆಯುತ್ತದೆ, ಖಾಲಿಯಾಗದ ಎದೆ ಕಲ್ಲಾಗುತ್ತದೆ, ಕಲ್ಲಾದ ಎದೆಯನ್ನು ಹಿಡಿಯುವುದು ಮಗುವಿಗೆ ಮತ್ತೂ ಕಷ್ಟವಾಗುತ್ತದೆ. ‘ಹಾಲು ಸಾಲುತ್ತಿಲ್ಲ’ ಎಂಬ ದೂರು ಎಷ್ಟೋ ಸಲ ಹುಟ್ಟುವುದು ಇಲ್ಲೇ. ಪರೀಕ್ಷೆ ಸುಲಭ: ಮಗು ಬಾಯಿ ಬಿಟ್ಟ ಕೂಡಲೇ ತೊಟ್ಟನ್ನು ನೋಡಿ. ಮೊದಲಿದ್ದಂತೆ ದುಂಡಗೆ ಇದ್ದರೆ ಸರಿ. ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿದ್ದರೆ, ತುದಿಯಲ್ಲಿ ಬಿಳಿಯ ಗೆರೆ ಮೂಡಿದ್ದರೆ, ಅದು ಹಿಸುಕಿಸಿಕೊಂಡಿದೆ.

ತಿದ್ದುವ ಕೆಲಸ ಮಗು ಅಳುವುದಕ್ಕೆ ಮುಂಚೆಯೇ ಶುರುವಾಗಬೇಕು. ಅಳು ಹಸಿವಿನ ಕೊನೆಯ ಕೂಗು; ಅದಕ್ಕೂ ಮೊದಲು ಮಗು ತುಟಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗೆ ತರುತ್ತದೆ, ಕೆನ್ನೆ ತಾಗಿದ ಕಡೆ ತಲೆ ಹೊರಳಿಸುತ್ತದೆ. ಆಗಲೇ ಎತ್ತಿಕೊಳ್ಳಿ. ಬೆನ್ನಿಗೆ ಗೋಡೆಯ ಆಸರೆ, ಮೊಣಕೈ ಕೆಳಗೆ ತಲೆದಿಂಬು ಇರಲಿ. ಮಗುವಿನತ್ತ ನೀವು ಬಾಗಬೇಡಿ, ಮಗುವನ್ನು ನಿಮ್ಮೆಡೆಗೆ ತನ್ನಿ. ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಬೇಕು. ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಬೇಕು. ಮುಖ ಮಾತ್ರ ಎದೆಯ ಕಡೆ ತಿರುಗಿ ಮೈ ಅಂಗಾತ ಇದ್ದರೆ ಕುತ್ತಿಗೆ ತಿರುಚುತ್ತದೆ, ಬಾಯಿ ಜಾರುತ್ತದೆ. ಅಂಗೈ ಮಗುವಿನ ಬೆನ್ನು ಮತ್ತು ಭುಜಗಳಿಗೆ ಆನಿಸಿಕೊಂಡಿರಲಿ, ತಲೆಯನ್ನು ಹಿಂದಿನಿಂದ ಒತ್ತಬೇಡಿ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಲಿ. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿ, ಕಾಯಿರಿ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ಕ್ಷಣದಲ್ಲಿ ಮಗುವನ್ನು ಒಮ್ಮೆಲೇ ಹತ್ತಿರಕ್ಕೆ ತನ್ನಿ. ಗಲ್ಲ ಮೊದಲು ಎದೆಗೆ ತಾಗಬೇಕು. ಇಡೀ ಮಾವಿನಹಣ್ಣನ್ನು ಕಚ್ಚುವಾಗ ನಾವು ಕೆಳದವಡೆಯನ್ನು ಮೊದಲು ಊರಿ ಆಮೇಲೆ ಮೇಲಿನ ಹಲ್ಲು ಇಳಿಸುತ್ತೇವಲ್ಲ, ಕ್ರಮ ಅದೇ.

ಹಿಡಿತ ಸರಿಯಾಗಿದ್ದರೆ ನಾಲ್ಕು ಗುರುತು ಕಾಣುತ್ತವೆ. ಬಾಯಿ ಅಗಲವಾಗಿ ತೆರೆದಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಗಲ್ಲ ಎದೆಗೆ ಒತ್ತಿರುತ್ತದೆ, ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು ಕಂಡು ಕೆಳತುಟಿಯ ಕೆಳಗೆ ಕಡಿಮೆ ಕಾಣುತ್ತದೆ. ಮೊದಲು ಚುರುಕಾಗಿ ಚೀಪಿದ ಮಗು ಆಮೇಲೆ ನಿಧಾನವಾಗಿ, ನಡುನಡುವೆ ನಿಂತು ನಿಂತು ಕುಡಿಯುತ್ತದೆ. ಗುಟುಕರಿಸುವ ಸದ್ದು ಕೇಳುತ್ತದೆ. ಕೆನ್ನೆ ಗುಳಿ ಬೀಳುತ್ತಿದ್ದರೆ, ಚಟ್ ಚಟ್ ಎಂಬ ಸದ್ದು ಬರುತ್ತಿದ್ದರೆ, ಅರ್ಧ ನಿಮಿಷ ಕಳೆದರೂ ನೋವು ಇಳಿಯದಿದ್ದರೆ ಬಿಡಿಸಿ ಮತ್ತೆ ಹಿಡಿಸಿ. ಬಿಡಿಸುವಾಗ ಎಳೆಯಬಾರದು. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ವಸಡುಗಳ ನಡುವೆ ತೂರಿಸಿದರೆ ಗಾಳಿ ಹೊಕ್ಕು ಪಟ್ಟು ಸಡಿಲಾಗುತ್ತದೆ. ಒಂದು ಸಲದ ಹಾಲೂಡಿಕೆಯಲ್ಲಿ ನಾಲ್ಕೈದು ಬಾರಿ ಹೀಗೆ ಬಿಡಿಸಬೇಕಾಗಿ ಬಂದರೂ ಬೇಸರ ಬೇಡ. ಸಿಸೇರಿಯನ್ ಆದವರು ಒಂದು ಮಗ್ಗುಲಿಗೆ ಮಲಗಿಯೋ, ಮಗುವಿನ ಕಾಲು ಕಂಕುಳಡಿ ಹಿಂದಕ್ಕೆ ಹೋಗುವಂತೆ ಪಕ್ಕದಲ್ಲಿ ಹಿಡಿದೋ ಕುಡಿಸಿದರೆ ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ.

ಇಷ್ಟು ಹತ್ತಿರ ಒತ್ತಿದರೆ ಮಗುವಿನ ಮೂಗು ಮುಚ್ಚಿಹೋಗುತ್ತದೆ ಎಂದು ಹಿರಿಯರು ಗಾಬರಿಪಡುವುದು ಸಹಜ. ಆದ್ದರಿಂದಲೇ ಎರಡು ಬೆರಳಿನಿಂದ ಎದೆಯನ್ನು ಕತ್ತರಿಯಂತೆ ಹಿಡಿದು ಮೂಗಿನ ಬಳಿ ಒತ್ತಿಕೊಳ್ಳುವ ಅಭ್ಯಾಸ ಬಂದಿದೆ. ಆದರೆ ಹಾಗೆ ಒತ್ತಿದಾಗ ಒಳಗೆ ಹೋಗಿದ್ದ ಭಾಗ ಹೊರಗೆ ಜಾರಿ ಬಾಯಲ್ಲಿ ತೊಟ್ಟು ಮಾತ್ರ ಉಳಿಯುತ್ತದೆ; ನೋವು ಶುರುವಾಗುವುದು ಅಲ್ಲಿಂದ. ಮೂಗು ತಾಗುತ್ತಿದ್ದರೆ ಮಗುವಿನ ಅಂಡನ್ನು ನಿಮ್ಮ ಕಡೆ ಇನ್ನೂ ಸ್ವಲ್ಪ ಎಳೆದುಕೊಳ್ಳಿ. ತಲೆ ತಾನಾಗಿ ತುಸು ಹಿಂದಕ್ಕೆ ವಾಲಿ ಮೂಗು ಬಿಡುವಾಗುತ್ತದೆ. ಎದೆಗೆ ಆಸರೆ ಬೇಕಿದ್ದರೆ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳು ಮೇಲೆ, ಕಪ್ಪು ಭಾಗದಿಂದ ದೂರ ಇರಲಿ. ಹಾಗೆಯೇ ಮಗುವನ್ನು ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೈಗಿಡುವುದು. ಚಳಿಗೆ ಸರಿಯೇ, ಆದರೆ ಸುತ್ತಿದ ಬಟ್ಟೆಯ ದಪ್ಪದಷ್ಟು ಮಗು ಎದೆಯಿಂದ ದೂರವಾಗುತ್ತದೆ. ಹಾಲೂಡುವಷ್ಟು ಹೊತ್ತು ಅದನ್ನು ಬಿಚ್ಚಿ, ಮಗುವಿನ ಬೆನ್ನ ಮೇಲಿಂದ ಹೊದಿಸಿದರೆ ಎರಡೂ ನಡೆಯುತ್ತದೆ.

‘ನಮ್ಮ ಕಾಲದಲ್ಲಿ ನಾವೆಲ್ಲ ಸಹಿಸಿಕೊಳ್ಳಲಿಲ್ಲವೇ?’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮೊದಲ ದಿನಗಳಲ್ಲಿ ಮಗು ಬಾಯಿ ಹಾಕಿದ ಕೆಲವು ಸೆಕೆಂಡು ಚುರ್ ಎನ್ನುವುದು ಹಲವರ ಅನುಭವ. ಹಾಲೂಡುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದೂ ಸಹಜ. ಹಾಲಿಳಿಸುವ ಆಕ್ಸಿಟೋಸಿನ್ ಹಾರ್ಮೋನೇ ಗರ್ಭಕೋಶವನ್ನು ಕುಗ್ಗಿಸುತ್ತದೆ, ಎರಡನೆಯ ಹೆರಿಗೆಯವರಿಗೆ ಇದು ಹೆಚ್ಚು. ಕಾಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರಾಮರ್ಶೆಯೂ, ಯಾವ ಮುಲಾಮು ಹಚ್ಚಿದರೂ ಹೆಚ್ಚಿನ ತಾಯಂದಿರಲ್ಲಿ ತೊಟ್ಟಿನ ನೋವು ಏಳರಿಂದ ಹತ್ತು ದಿನಗಳಲ್ಲಿ ಸೌಮ್ಯವಾಗುತ್ತದೆ ಎಂದಿತು. ಹಾಗಾದರೆ ಸುಮ್ಮನೆ ಕಾಯಬಹುದಲ್ಲ? ಕಾಯಬಾರದು, ಏಕೆಂದರೆ ಆ ಹತ್ತು ದಿನಗಳೊಳಗೆಯೇ ಬಾಟಲಿ ಮನೆಗೆ ಬಂದುಬಿಟ್ಟಿರುತ್ತದೆ. ಮೇಲಾಗಿ ಇಡೀ ಹಾಲೂಡಿಕೆಯುದ್ದಕ್ಕೂ ಇರುವ ನೋವು, ರಕ್ತ ಜಿನುಗುವ ಬಿರುಕು ಆ ‘ಸಹಜ’ದ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಪರಾಮರ್ಶೆ ಮುಲಾಮುಗಳ ಬಗ್ಗೆಯೂ ಒಂದು ಮಾತು ಹೇಳುತ್ತದೆ: ಏನೂ ಹಚ್ಚದಿರುವುದು ಅಥವಾ ಎದೆಹಾಲನ್ನೇ ಸವರಿ ಒಣಗಲು ಬಿಡುವುದು ಲ್ಯಾನೊಲಿನ್‌ನಷ್ಟೇ ಫಲ ಕೊಡಬಹುದು. ಔಷಧಿ ಅಂಗಡಿಯ ದುಬಾರಿ ಟ್ಯೂಬು ತಂದರೆ ತಪ್ಪಿಲ್ಲ, ಆದರೆ ಹಿಡಿತ ತಿದ್ದದೆ ಮುಲಾಮು ಹಚ್ಚಿದರೆ ಮುಂದಿನ ಹಾಲೂಡಿಕೆಯಲ್ಲಿ ಗಾಯ ಮತ್ತೆ ಬಿರಿಯುತ್ತದೆ. ಪ್ರತಿ ಸಲ ಸೋಪು ಹಾಕಿ ತೊಟ್ಟು ತೊಳೆಯುವುದಂತೂ ಬೇಡವೇ ಬೇಡ.

ತೊಟ್ಟು ಚಪ್ಪಟೆ ಅಥವಾ ಒಳಕ್ಕೆ ಮಡಚಿಕೊಂಡಿದೆ, ಹಾಗಾಗಿ ಹಾಲೂಡಿಸಲು ಆಗುವುದೇ ಇಲ್ಲ ಎಂದು ಹೆರಿಗೆಯಾದ ದಿನವೇ ತೀರ್ಮಾನಿಸುವವರಿದ್ದಾರೆ. ಮಗು ಹಿಡಿಯಬೇಕಾದದ್ದು ಎದೆಯನ್ನು, ತೊಟ್ಟನ್ನಷ್ಟೇ ಅಲ್ಲ ಎಂಬುದೇ ಇದಕ್ಕೆ ಅರ್ಧ ಉತ್ತರ. ಉಳಿದರ್ಧ ದಾವಣಗೆರೆಯಿಂದ ಬಂದಿದೆ. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಸಂಗಡಿಗರು ಇಂಜೆಕ್ಷನ್ ಸಿರಿಂಜನ್ನೇ ಬಳಸಿ ಒಳಸೇರಿದ ತೊಟ್ಟನ್ನು ಹೊರತರುವ ವಿಧಾನವನ್ನು 1993ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಸ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ದಂಡವನ್ನು ಆ ಕತ್ತರಿಸಿದ ಕಡೆಯಿಂದ ಒಳಕ್ಕೆ ಹಾಕಬೇಕು. ಬೆರಳಿಡುವ ಅಂಚಿರುವ ನುಣುಪು ಬದಿಯನ್ನು ತೊಟ್ಟಿನ ಮೇಲೆ ಇಟ್ಟು ದಂಡವನ್ನು ಮೆಲ್ಲಗೆ ಹಿಂದಕ್ಕೆಳೆದು ಅರ್ಧದಿಂದ ಒಂದು ನಿಮಿಷ ಹಿಡಿಯಬೇಕು. ತೆಗೆಯುವ ಮುನ್ನ ದಂಡವನ್ನು ತುಸು ಒಳಕ್ಕೆ ತಳ್ಳಿ ಒತ್ತಡ ಬಿಡಿಸಬೇಕು. ನೋವಾಗುವಷ್ಟು ಎಳೆಯಬಾರದು, ಕತ್ತರಿಸಿದ ಒರಟು ಬದಿಯನ್ನು ಮೈಗೆ ತಾಗಿಸಲೇಬಾರದು. ಅಳತೆಗೆ ತಕ್ಕ ಸಿರಿಂಜನ್ನು ನರ್ಸ್ ಕೈಯಲ್ಲೇ ಮಾಡಿಸಿಕೊಂಡು, ಹಾಲೂಡುವ ಮುನ್ನ ಬಳಸುವುದು ಒಳ್ಳೆಯದು. ಮಗು ಚೆನ್ನಾಗಿ ಕುಡಿಯತೊಡಗಿದ ಮೇಲೆ ಸಿರಿಂಜಿನ ಗೊಡವೆ ಇರುವುದಿಲ್ಲ.

ಹಾಲು ಕಟ್ಟಿಕೊಂಡು ಎದೆ ಬಿಗಿದಾಗ ಉಪಾಯ ಬೇರೆ. ಬಿಗಿದ ಎದೆಯಲ್ಲಿ ಕಪ್ಪು ಭಾಗ ಉಬ್ಬಿ ತೊಟ್ಟು ಮರೆಯಾಗುವುದರಿಂದ, ಮೊದಲು ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ಆ ಭಾಗವನ್ನು ಮೆತ್ತಗೆ ಮಾಡಿಕೊಂಡು ಆಮೇಲೆ ಮಗುವನ್ನು ಹಾಕಿ. ಹಿಂಡುವಾಗ ಹೆಬ್ಬೆರಳು, ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು ಹಿಂದಕ್ಕೆ, ಎದೆಗೂಡಿನ ಕಡೆಗೆ ಒತ್ತಿ, ಬಳಿಕ ಬೆರಳು ಕೂಡಿಸಿ ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು. ಹಾಲೂಡಿದ ಮೇಲೆ ತಣ್ಣೀರ ಬಟ್ಟೆ ಊತ ಇಳಿಸುತ್ತದೆ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ ‘ಗಂಟು ಕರಗಿಸುವ’ ಪದ್ಧತಿ ಊತವನ್ನು ಹೆಚ್ಚಿಸುತ್ತದೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್‌ನ 2022ರ ಮಾರ್ಗಸೂಚಿ ಅದನ್ನು ಬೇಡವೆನ್ನುತ್ತದೆ. ಎದೆಗೆ ಮಲ್ಲಿಗೆ ಹೂ ಕಟ್ಟಿಕೊಳ್ಳುವ ದಕ್ಷಿಣ ಭಾರತದ ಪದ್ಧತಿಯ ಬಗ್ಗೆಯೂ ಎಚ್ಚರ ಬೇಕು. ಅದು ಹುಸಿಯಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ನಿಲ್ಲಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯಂತೆ ಮಲ್ಲಿಗೆಯೂ ಹಾಲನ್ನು ತಗ್ಗಿಸಿತ್ತು. ಮಗುವಿಗೆ ಹಾಲು ಬೇಕಾದ ತಾಯಿ ಅದಕ್ಕೆ ಕೈಹಾಕದಿರುವುದೇ ಜಾಣತನ.

ಗಾಯ ಆಳವಾಗಿದ್ದು ಬಾಯಿ ಹಾಕಿಸಲು ಸಾಧ್ಯವೇ ಇಲ್ಲದಿದ್ದರೆ? ಆ ಕಡೆಯ ಎದೆಗೆ ಒಂದೆರಡು ದಿನ ಬಿಡುವು ಕೊಡಿ, ಆದರೆ ಹಾಲನ್ನು ಹೊತ್ತು ಹೊತ್ತಿಗೆ ಹಿಂಡಿ ತೆಗೆಯಿರಿ. ಹಿಂಡಿದ ಹಾಲನ್ನು ಕುದಿಸಿ ತೊಳೆದ ಒಳಲೆಯಲ್ಲಿ ಕುಡಿಸಬಹುದು. ಮಗುವನ್ನು ಅರೆಕೂತಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ, ಅದು ಗುಟುಕರಿಸಿದಷ್ಟೇ ಕೊಡಿ. ಅಂಗಾತ ಮಲಗಿಸಿ ಗಂಟಲಿಗೆ ಸುರಿದರೆ ನೆತ್ತಿಗೆ ಹತ್ತುತ್ತದೆ. ಡಬ್ಬದ ಹಾಲು ಕೊಟ್ಟ ತಾಯಿ ಅಪರಾಧಿಯೇನಲ್ಲ. ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಶೇ 10ಕ್ಕೂ ಹೆಚ್ಚು ಇಳಿದಿದ್ದರೆ ಅದು ಬೇಕೇ ಎಂದು ಮಕ್ಕಳ ವೈದ್ಯರು ನಿರ್ಧರಿಸುತ್ತಾರೆ. ಆದರೆ ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಮಗುವಿನ ಅಳುವಿನಿಂದ ಅಳೆಯಬಾರದು. ಐದನೆಯ ದಿನದ ಹೊತ್ತಿಗೆ ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ದು, ಕಪ್ಪಗಿದ್ದ ಮಲ ಹಳದಿಯಾಗಿದ್ದರೆ ಹಾಲು ಸೇರುತ್ತಿದೆ ಎಂದೇ ಅರ್ಥ. 24 ಗಂಟೆಗಳಲ್ಲಿ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಹಸುಗೂಸಿನ ರೂಢಿ, ಹಾಲಿನ ಕೊರತೆಯಲ್ಲ.

ಎಲ್ಲ ನೋವೂ ಹಿಡಿತದಿಂದಲೇ ಬರುವುದಿಲ್ಲ. ಹಿಡಿತ ಸರಿಯಿದ್ದೂ ನೋವು ಹೋಗದಿದ್ದರೆ ಮಗುವಿನ ನಾಲಿಗೆಯಡಿಯ ಪೊರೆ ಬಿಗಿಯಾಗಿದೆಯೇ, ಅದರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಶಿಲೀಂಧ್ರದ ಸೋಂಕಿದೆಯೇ ಎಂದು ವೈದ್ಯರು ನೋಡಬೇಕು. ಚಳಿಗೆ ತೊಟ್ಟು ಬಿಳಿಚಿಕೊಂಡು ಚುಚ್ಚುವುದು ರಕ್ತನಾಳ ಸೆಟೆಯುವುದರಿಂದ ಇರಬಹುದು. ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ, ಚಳಿಜ್ವರ ಬಂದರೆ ಅದು ಎದೆಬಾವು. ಆಗ ಹಾಲೂಡುವುದನ್ನು ನಿಲ್ಲಿಸಬಾರದು, ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ಆದರೆ 24 ಗಂಟೆಯೊಳಗೆ ಇಳಿಮುಖವಾಗದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ನೋವಿಗೆ ಪ್ಯಾರಸಿಟಮಾಲ್, ಐಬುಪ್ರೊಫೇನ್ ಹಾಲೂಡುವವರಿಗೂ ಆಗುತ್ತವೆ. ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಿ.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ನೋಡಿದರೆ ಬೇಗ ಸರಿಹೋಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬುದು ಸರ್ಕಾರದ ನವಜಾತ ಶಿಶು ಆರೈಕೆ ಕಾರ್ಯಕ್ರಮದ ನಿಯಮ. ತವರಿಗೆ ಹೋಗಿದ್ದರೆ ಆ ಊರಿನ ಆಶಾಗೆ ಮುಂಚೆಯೇ ಹೇಳಿಟ್ಟಿರಿ. ಮೂರನೆಯ ದಿನ ಅವರು ಬಂದಾಗ ಮಗುವನ್ನು ತೂಕಕ್ಕೆ ಇಟ್ಟು, ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಅವರ ಎದುರಿಗೇ ಒಮ್ಮೆ ಹಾಲೂಡಿಸಿ, ಮಗುವಿನ ಬಾಯಿ ನೋಡಲು ಹೇಳಿ.