ಹಳೇ ಸರ್ವರ್ ಪೆಟ್ಟಿಗೆ: ಡಿಸ್ಕ್ ಹೊಂದುತ್ತದೋ ನೋಡಿ, ಆಮೇಲೆ ಸಾಲ ಕೊಡಿ



ಹೊಲಿಗೆ ಕಲಿತ ನಮಗೆಲ್ಲ ಗೊತ್ತು, ಒಂದು ಮಿಷನ್ನಿನ ಬಾಬಿನ್ ಇನ್ನೊಂದಕ್ಕೆ ಕೂರುತ್ತದೆ ಎಂದು ಹೇಳಲಾಗದು. ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದರೆ ಅಂಗಡಿಯವರು "ಯಾವ ಕಂಪನಿ, ಎಷ್ಟು ಲೀಟರ್?" ಅಂತ ಕೇಳಿಯೇ ಕೊಡುತ್ತಾರೆ. ಆದರೆ ಕಂಪ್ಯೂಟರ್ ಸಾಮಾನಿಗೆ ಸಾಲದ ಅರ್ಜಿ ಬಂದಾಗ ನಾವು ಈ ಪ್ರಶ್ನೆಯನ್ನೇ ಮರೆಯುತ್ತೇವೆ. "ಅದೆಲ್ಲ ಹುಡುಗರಿಗೆ ಗೊತ್ತು ಬಿಡಿ" ಎಂದು ಸಹಿ ಹಾಕುತ್ತೇವೆ.

ನಡೆದದ್ದು ಏನು?

ನಮ್ಮ ಸಂಘವೊಂದರ ಸದಸ್ಯೆ ಮಗನ ಫೋಟೋ ಸ್ಟುಡಿಯೋಗೆಂದು 30,000 ರೂ. ಸಾಲ ಪಡೆದರು. ಮದುವೆ ವಿಡಿಯೋಗಳನ್ನು ಇಡಲು ಜಾಗ ಸಾಲುತ್ತಿರಲಿಲ್ಲ. ಹುಡುಗ 16,000 ರೂ.ಗೆ ಹಳೇ ಸರ್ವರ್ ಪೆಟ್ಟಿಗೆ ತಂದ. ಉಳಿದ 14,000 ರೂ.ಗೆ ಬೇರೆ ಅಂಗಡಿಯಿಂದ 4 ಟಿ.ಬಿ.ಯ ನಾಲ್ಕು ಡಿಸ್ಕ್ ತಂದ. ಜೋಡಿಸಿ ನೋಡಿದರೆ 4 ಟಿ.ಬಿ. ಡಿಸ್ಕ್ 2 ಟಿ.ಬಿ. ಎಂದೇ ತೋರಿಸಿತು. ಪೆಟ್ಟಿಗೆ ಕೊಟ್ಟವರು "ಡಿಸ್ಕ್ ಸರಿ ಇಲ್ಲ" ಎಂದರು. ಡಿಸ್ಕ್ ಕೊಟ್ಟವರು "ಪೆಟ್ಟಿಗೆ ಸರಿ ಇಲ್ಲ" ಎಂದರು. ನಿಜವಾಗಿ ಎರಡೂ ಸರಿಯಾಗಿಯೇ ಇದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ ಅಷ್ಟೆ. ತಿಳಿದವರೊಬ್ಬರು ಒಳಗಿನ ಕಾರ್ಡ್ ಬದಲಿಸಿಕೊಟ್ಟರು. ಅದಕ್ಕೆ ಮತ್ತೆ 3,000 ರೂ. ಆಯಿತು. ಅಷ್ಟರಲ್ಲಿ ಮದುವೆ ಸೀಸನ್ ಮುಗಿದಿತ್ತು. ಆ ತಾಯಿ ಮಾತ್ರ ತಿಂಗಳ ಕಂತನ್ನು ಒಂದೂ ತಪ್ಪಿಸಲಿಲ್ಲ. ಹಣ ಮಂಜೂರು ಮಾಡುವಾಗ ನಾವು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಆದ್ದರಿಂದ ಈ ಪಾಠ.

ಸರ್ವರ್ ಪೆಟ್ಟಿಗೆ ಎಂದರೇನು?

ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ತೆಗೆದುಹಾಕುವ ಬಲವಾದ ಕಂಪ್ಯೂಟರ್ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಹಳೇ ಸಾಮಾನು ಸಿಗುತ್ತದೆ. ಮುಂಭಾಗದಲ್ಲಿ 4, 8 ಅಥವಾ 12 ಖಾನೆಗಳಿರುತ್ತವೆ. ಪ್ರತಿ ಖಾನೆಗೂ ಒಂದು ಟ್ರೇ, ಟ್ರೇಯೊಳಗೆ ಒಂದು ಹಾರ್ಡ್ ಡಿಸ್ಕ್. ಡಿಸ್ಕ್ ಒಳಗಿರುವ ಬೋರ್ಡಿಗೆ ಚುಚ್ಚಿಕೊಳ್ಳುತ್ತದೆ. ಬೋರ್ಡಿನಿಂದ ವೈರು ಕಂಟ್ರೋಲರ್ ಕಾರ್ಡಿಗೆ ಹೋಗುತ್ತದೆ. ಡಿಸ್ಕ್, ಟ್ರೇ, ಬೋರ್ಡ್, ಕಾರ್ಡ್ – ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು.

ನೋಡಬೇಕಾದ ಆರು ವಿಷಯಗಳು

1. ಅಳತೆ ಮತ್ತು ಟ್ರೇ: ಡಿಸ್ಕ್‌ಗಳು 3.5 ಇಂಚು ಮತ್ತು 2.5 ಇಂಚು ಎಂದು ಎರಡು ಅಳತೆಯಲ್ಲಿ ಬರುತ್ತವೆ. ಚಿಕ್ಕದನ್ನು ತಕ್ಕ ಪಟ್ಟಿ ಹಾಕಿ ದೊಡ್ಡ ಖಾನೆಯಲ್ಲಿ ಕೂರಿಸಬಹುದು. ದೊಡ್ಡದು ಚಿಕ್ಕ ಖಾನೆಗೆ ಹೋಗುವುದೇ ಇಲ್ಲ. ಟ್ರೇ ಕೂಡ ಕಂಪನಿಗೊಂದು ತರಹ, ಒಂದೇ ಕಂಪನಿಯಲ್ಲೂ ಮಾಡೆಲ್ ಬದಲಾದರೆ ಬೇರೆ. ಟ್ರೇ ಇಲ್ಲದೆ ಪೆಟ್ಟಿಗೆ ಮಾರುವುದೂ ಉಂಟು. ಹಣ ಕೊಡುವ ಮುಂಚೆ ಟ್ರೇಗಳನ್ನು ಎಣಿಸಿ.

2. ಚುಚ್ಚುವ ಬಾಯಿ: ಮನೆ ಕಂಪ್ಯೂಟರಿನ ಡಿಸ್ಕ್ ಸಾಟಾ ಜಾತಿಯದು. ಸರ್ವರಿನಲ್ಲಿ ಸ್ಯಾಸ್ ಎಂಬ ಜಾತಿಯೂ ಇದೆ. ಸಾಟಾ ಡಿಸ್ಕ್ ಸ್ಯಾಸ್ ಬಾಯಿಗೆ ಕೂರುತ್ತದೆ, ಸಾಮಾನ್ಯವಾಗಿ ಕೆಲಸವನ್ನೂ ಮಾಡುತ್ತದೆ. ಸ್ಯಾಸ್ ಡಿಸ್ಕ್ ಸಾಟಾ ಬಾಯಿಗೆ ಕೂರುವುದಿಲ್ಲ, ಅದಕ್ಕೆ ಸ್ಯಾಸ್ ಕಾರ್ಡೇ ಬೇಕು. ಹಳೇ ಸ್ಯಾಸ್ ಡಿಸ್ಕ್ ಅಗ್ಗಕ್ಕೆ ಸಿಕ್ಕಿತೆಂದು ತಂದು, ಮನೆ ಕಂಪ್ಯೂಟರಿಗೆ ಹಾಕಲಾಗದೆ ಕೈಕಟ್ಟಿ ಕೂತವರಿದ್ದಾರೆ.

3. 2 ಟಿ.ಬಿ. ಮಿತಿ: ಮೇಲೆ ಹೇಳಿದ ಹುಡುಗನ ತೊಂದರೆ ಇದೇ. ಲೆಡ್ಜರಿನ ಕಾಲಂನಲ್ಲಿ ನಾಲ್ಕೇ ಅಂಕಿಗೆ ಜಾಗವಿದ್ದರೆ 9,999ರ ಮೇಲೆ ಬರೆಯಲಾಗುತ್ತದೆಯೇ? ಡಿಸ್ಕ್ ತನ್ನ ಜಾಗವನ್ನು 512 ಬೈಟ್‌ಗಳ ತುಂಡುಗಳಾಗಿ ಎಣಿಸುತ್ತದೆ. ಹಳೇ ಕಾರ್ಡುಗಳು ಸುಮಾರು 429 ಕೋಟಿ ತುಂಡಿನವರೆಗೆ ಮಾತ್ರ ಎಣಿಸಬಲ್ಲವು. ಗುಣಿಸಿದರೆ ಸುಮಾರು 2.2 ಟಿ.ಬಿ. ಆಯಿತು, ಅಲ್ಲಿಗೆ ಲೆಕ್ಕ ನಿಂತಿತು. ಸೆಕೆಂಡಿಗೆ 3 ಗಿಗಾಬಿಟ್ ವೇಗದ ಕಾಲದ ಎಷ್ಟೋ ಸ್ಯಾಸ್ ಕಾರ್ಡುಗಳಿಗೆ ಈ ಮಿತಿ ಇದೆ. ಪೆಟ್ಟಿಗೆಯ ಹೆಸರು ಕೇಳಿದರೆ ಸಾಲದು, ಒಳಗಿನ ಕಾರ್ಡಿನ ಹೆಸರು ಕೇಳಿ.

4. 520 ಬೈಟ್ ಡಿಸ್ಕ್: ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಬಿಚ್ಚಿದ ಕೆಲವು ಡಿಸ್ಕ್‌ಗಳ ತುಂಡು 512 ಅಲ್ಲ, 520 ಬೈಟ್. ಸಾಧಾರಣ ಕಂಪ್ಯೂಟರ್ ಇವನ್ನು ಬಳಸಲಾರದು. ಮತ್ತೆ 512ಕ್ಕೆ ಫಾರ್ಮ್ಯಾಟ್ ಮಾಡಬಹುದು, ಆದರೆ ಒಂದೊಂದಕ್ಕೂ ಗಂಟೆಗಟ್ಟಲೆ ಬೇಕು, ನಡುವೆ ಕರೆಂಟ್ ಹೋಗಬಾರದು. "512 ತಾನೇ?" ಎಂದು ಕೇಳಿಯೇ ತನ್ನಿ.

5. ತಿರುಗದ ಹೊಸ ಡಿಸ್ಕ್: ಕೆಲವು ಹೊಸ, ದೊಡ್ಡ ಸಾಟಾ ಡಿಸ್ಕ್‌ಗಳು ಹಳೇ ಪೆಟ್ಟಿಗೆಯಲ್ಲಿ ತಿರುಗುವುದೇ ಇಲ್ಲ. ಅಂಥ ಡಿಸ್ಕ್‌ನ ಮೂರನೇ ಪವರ್ ಪಿನ್ನಿಗೆ 3.3 ವೋಲ್ಟ್ ಬಂದರೆ "ಆಫ್ ಆಗು" ಎಂಬ ಅರ್ಥ. ಹಳೇ ಪೆಟ್ಟಿಗೆ ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಿರಬಹುದು. ಡಿಸ್ಕ್ ಸತ್ತಿತೆಂದು ಗುಜರಿಗೆ ಹಾಕಬೇಡಿ. ಇದಕ್ಕೆ ಪರಿಹಾರವಿದೆ, ತಿಳಿದವರಿಂದಲೇ ಮಾಡಿಸಿ.

6. ಡಿಸ್ಕ್‌ನ ವಯಸ್ಸು: ಡಿಸ್ಕ್ ತಾನು ಎಷ್ಟು ಗಂಟೆ ಓಡಿದೆ ಎಂಬುದನ್ನು ತನ್ನೊಳಗೇ ದಾಖಲಿಸಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ವರ್ಷಕ್ಕೆ 8,760 ಗಂಟೆ. 43,800 ಗಂಟೆ ಎಂದಿದ್ದರೆ ಹಗಲು ರಾತ್ರಿ ಐದು ವರ್ಷ ದುಡಿದಿದೆ ಎಂದರ್ಥ. ಕೆಟ್ಟ ಜಾಗದ ಲೆಕ್ಕವೂ ಅಲ್ಲೇ ಇರುತ್ತದೆ. ಅದು ಸೊನ್ನೆ ಇಲ್ಲದಿದ್ದರೆ ಬಿಟ್ಟುಬಿಡಿ.

ಇನ್ನೆರಡು ಮಾತು. ಪೆಟ್ಟಿಗೆ 150 ವ್ಯಾಟ್ ಎಳೆದರೆ, ದಿನವಿಡೀ ಓಡಿದಾಗ ತಿಂಗಳಿಗೆ 108 ಯೂನಿಟ್ ಕರೆಂಟು. ಅದರ ಬಿಲ್ಲು ಕಟ್ಟುವವರು ಯಾರು ಎಂದು ಮೊದಲೇ ಕೇಳಿ. ಎರಡನೆಯದು, ನಾಲ್ಕು ಡಿಸ್ಕ್ ಜೋಡಿಸಿ ರೇಡ್ ಮಾಡಿದರೆ ಒಂದು ಡಿಸ್ಕ್ ಕೆಟ್ಟಾಗ ಉಳಿಯುವಂತೆ ಮಾಡಬಹುದು. ಆದರೆ ತಪ್ಪಿ ಅಳಿಸಿದ್ದು, ವೈರಸ್ ತಿಂದದ್ದು ಹಿಂದಕ್ಕೆ ಬರುವುದಿಲ್ಲ. ಬೇರೆ ಕಡೆ ಇನ್ನೊಂದು ಪ್ರತಿ ಇರಲೇಬೇಕು. ಇನ್ನೊಬ್ಬರ ಮದುವೆಯ ನೆನಪು ನಮ್ಮ ಕೈಯಲ್ಲಿದೆ ಎಂಬ ಎಚ್ಚರ ಇರಲಿ.

ಸಂಘ ಏನು ಮಾಡಬೇಕು?

ಮೊದಲು, ಪೆಟ್ಟಿಗೆ ಬೇಕೇ ಎಂದು ಕೇಳಿ. ಸ್ವಲ್ಪ ವಿಡಿಯೋ ಇಡಲು ಇರುವ ಕಂಪ್ಯೂಟರಿಗೆ ಎರಡು ಹೊಸ ಡಿಸ್ಕ್ ಸಾಕಾಗಬಹುದು. ಬೇಕೇ ಬೇಕೆಂದಾದರೆ ಪೆಟ್ಟಿಗೆಯ ಮಾಡೆಲ್, ಕಾರ್ಡಿನ ಹೆಸರು, ಡಿಸ್ಕ್‌ನ ಮಾಡೆಲ್ – ಮೂರನ್ನೂ ಅರ್ಜಿಯಲ್ಲೇ ಬರೆಸಿ. ಸಾಲವನ್ನು ಎರಡು ಸಲ ಕೊಡಿ. ಮೊದಲು ಪೆಟ್ಟಿಗೆಗೆ ಮತ್ತು ಒಂದೇ ಒಂದು ಡಿಸ್ಕ್‌ಗೆ. ಅದು ಪೂರ್ತಿ ಅಳತೆ ತೋರಿಸಿ ಒಂದು ವಾರ ಓಡಿದ ಮೇಲೆ ಉಳಿದದ್ದು. "ಹೊಂದದಿದ್ದರೆ ವಾಪಸ್" ಎಂದು ಅಂಗಡಿಯ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಯಾವ ಧರ್ಮದ ಸದಸ್ಯೆಯಾದರೂ ಒಪ್ಪುವ ಮಾತದು. ವಾರ ವಾರ ಹತ್ತು ಇಪ್ಪತ್ತು ಕೂಡಿಟ್ಟ ಹಣ ನಮ್ಮದು. ಪ್ರಶ್ನೆ ಕೇಳಿದರೆ ಅಪನಂಬಿಕೆ ಎಂದಲ್ಲ. ಸಾಲ ತೆಗೆದುಕೊಳ್ಳುವ ಅಕ್ಕನ ಬೆನ್ನಿಗೆ ನಿಲ್ಲುವ ರೀತಿಯೇ ಅದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಹಳೇ ಯಂತ್ರ ಕೊಂಡು ಯಾರಿಗಾದರೂ ನಷ್ಟವಾಗಿದೆಯೇ? ಮೊದಲೇ ಯಾವ ಪ್ರಶ್ನೆ ಕೇಳಬೇಕಿತ್ತು?
2. ಯಂತ್ರದ ಸಾಲವನ್ನು ಎರಡು ಸಲ ಕೊಡುವ ನಿಯಮ ನಮಗೆ ಆಗುತ್ತದೆಯೇ?
3. ನಮ್ಮ ಊರಿನಲ್ಲಿ ಕಂಪ್ಯೂಟರ್ ತಿಳಿದ, ನಂಬಿಕೆಯ ಒಬ್ಬರು ಯಾರು? ಮುಂದಿನ ಸಭೆಗೆ ಅವರನ್ನು ಕರೆಯೋಣವೇ?