ನಿರ್ಧಾರದ ಹಿಂದಿನ ದಿನದಿಂದ ಓದಬೇಕು

ಬಿಬಿಎ ಕೊನೆಯ ವರ್ಷದಲ್ಲಿ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ ಎಂಬ ಪೇಪರ್ ಬರುತ್ತದೆ. ಅಲ್ಲಿಯವರೆಗೆ ಅಕೌಂಟ್ಸ್, ಕಾಸ್ಟಿಂಗ್, ಮಾರ್ಕೆಟಿಂಗ್, ಎಚ್‌ಆರ್ ಎಲ್ಲವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದಿರುತ್ತೇವೆ. ಇಲ್ಲಿ ಅವೆಲ್ಲವೂ ಒಂದು ಪ್ರಶ್ನೆಯ ಸುತ್ತ ಬಂದು ಕೂರುತ್ತವೆ: ಈ ಸಂಸ್ಥೆ ಮುಂದೆ ಏನನ್ನು ಹಿಡಿಯಬೇಕು, ಏನನ್ನು ಬಿಡಬೇಕು? ಪದವಿಯಲ್ಲಿ ಓದಿದ ವಿಷಯಗಳಲ್ಲಿ ನನ್ನ ಯೋಚನೆಯ ಕ್ರಮವನ್ನೇ ಬದಲಿಸಿದ್ದು ಇದೊಂದೇ.

ಪಠ್ಯದಲ್ಲಿ ಚೌಕ, ಬಾಣ, ವೃತ್ತಗಳ ಚಿತ್ರಗಳು ತುಂಬಿರುತ್ತವೆ. ಅವುಗಳನ್ನು ಬಾಯಿಪಾಠ ಮಾಡಿ ಬರೆದರೆ ಅಂಕವೇನೋ ಬರುತ್ತದೆ. ನನಗೆ ಅವು ಅರ್ಥವಾಗತೊಡಗಿದ್ದು ಪ್ರತಿಯೊಂದರ ಪಕ್ಕದಲ್ಲಿ ಅದು ಹುಟ್ಟಿದ ಇಸವಿಯನ್ನೂ ಆ ಕಾಲದ ತೊಡಕನ್ನೂ ಬರೆದಿಟ್ಟುಕೊಂಡ ಮೇಲೆ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ (ಬಿಸಿಜಿ) ಮ್ಯಾಟ್ರಿಕ್ಸ್ ಬಂದದ್ದು 1970ರಲ್ಲಿ. ಆಗ ಅಮೆರಿಕದ ದೊಡ್ಡ ಕಂಪನಿಗಳು ಒಂದಕ್ಕೊಂದು ಸಂಬಂಧವಿಲ್ಲದ ಹಲವು ವ್ಯವಹಾರಗಳನ್ನು ಒಂದೇ ಸೂರಿನಡಿ ಕೂಡಿಹಾಕಿದ್ದವು. ಯಾವುದಕ್ಕೆ ಹಣ ಹಾಕಬೇಕು, ಯಾವುದರಿಂದ ತೆಗೆಯಬೇಕು ಎಂಬುದೇ ಅವುಗಳ ಮುಖ್ಯ ಕಚೇರಿಯ ತಲೆನೋವು. ಒಂದೇ ಉತ್ಪನ್ನ ಮಾಡುವ ಸಣ್ಣ ಘಟಕಕ್ಕೆ ಅದೇ ಚೌಕ ಹಚ್ಚಿದರೆ ಏನೂ ಸಿಗದು.

ಉದ್ಯಮದ ಲಾಭವನ್ನು ಕಸಿಯುವ ಐದು ಶಕ್ತಿಗಳ ಬಗ್ಗೆ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದದ್ದರ ಕಥೆ ಇನ್ನೂ ಸ್ವಾರಸ್ಯದ್ದು. ಕೆಲವು ಉದ್ಯಮಗಳಲ್ಲಿ ಪೈಪೋಟಿ ಕಡಿಮೆಯಾಗಿ ಲಾಭ ಏಕೆ ಅತಿಯಾಗುತ್ತದೆ, ಅದರಿಂದ ಜನರಿಗೆ ಆಗುವ ನಷ್ಟವೇನು ಎಂದು ಅರ್ಥಶಾಸ್ತ್ರಜ್ಞರು ಅದಕ್ಕೂ ಮೊದಲೇ ಅಧ್ಯಯನ ಮಾಡುತ್ತಿದ್ದರು. ಪೋರ್ಟರ್ ಆ ಪ್ರಶ್ನೆಯನ್ನು ಕಂಪನಿಯ ಕಡೆಗೆ ತಿರುಗಿಸಿದರು: ಲಾಭ ಎಲ್ಲಿ ಸೋರಿಹೋಗುತ್ತದೆ, ಅದನ್ನು ಎಲ್ಲಿ ಹಿಡಿದಿಡಬಹುದು? ಇಷ್ಟು ತಿಳಿದಿದ್ದರೆ, ಐದು ಶಕ್ತಿಗಳ ಚಿತ್ರ ಕೇಳುವುದು ಉದ್ಯಮದ ಬಗ್ಗೆಯೇ ಹೊರತು ಒಂದು ಕಂಪನಿಯ ಗುಣಾವಗುಣದ ಬಗ್ಗೆ ಅಲ್ಲ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹೋಂಡಾ. ಹೋಂಡಾ ಮೋಟಾರ್‌ಸೈಕಲ್ 1959ರಲ್ಲಿ ಅಮೆರಿಕಕ್ಕೆ ಕಾಲಿಟ್ಟು ಕೆಲವೇ ವರ್ಷಗಳಲ್ಲಿ ಆ ಮಾರುಕಟ್ಟೆಯನ್ನು ಗೆದ್ದಿತು. ಬ್ರಿಟಿಷ್ ಸರ್ಕಾರಕ್ಕಾಗಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1975ರಲ್ಲಿ ಕೊಟ್ಟ ವರದಿ ಈ ಗೆಲುವನ್ನು ಲೆಕ್ಕಾಚಾರದ ಫಲವೆಂದು ವಿವರಿಸಿತು: ಭಾರಿ ಪ್ರಮಾಣದ ಉತ್ಪಾದನೆ, ತಗ್ಗಿದ ವೆಚ್ಚ, ಸಣ್ಣ ಗಾಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಯೋಜನೆ. ರಿಚರ್ಡ್ ಪಾಸ್ಕೇಲ್ ಎಂಬ ವಿದ್ವಾಂಸರು ಅಮೆರಿಕಕ್ಕೆ ಹೋಗಿದ್ದ ಹೋಂಡಾ ಅಧಿಕಾರಿಗಳನ್ನೇ ಮಾತಾಡಿಸಿ 1984ರಲ್ಲಿ ಬರೆದ ಕಥೆಯೇ ಬೇರೆ. ಆ ಅಧಿಕಾರಿಗಳು ಮಾರಲು ಹೊರಟದ್ದು ದೊಡ್ಡ ಬೈಕುಗಳನ್ನು. ಅಮೆರಿಕದ ಉದ್ದುದ್ದ ರಸ್ತೆಗಳಲ್ಲಿ ಜನ ಅವನ್ನು ಜೋರಾಗಿ, ದೂರದವರೆಗೆ ಓಡಿಸಿದಾಗ ಎಣ್ಣೆ ಸೋರಿತು, ಕ್ಲಚ್ ಕೈಕೊಟ್ಟಿತು. ಸಿಬ್ಬಂದಿ ಊರೊಳಗಿನ ಕೆಲಸಕ್ಕೆ ಬಳಸುತ್ತಿದ್ದ 50 ಸಿಸಿಯ ಪುಟ್ಟ ಸೂಪರ್ ಕಬ್ ಮಾತ್ರ ನೋಡಿದವರ ಕಣ್ಣಿಗೆ ಬಿತ್ತು, ಅದನ್ನೇ ಜನ ಕೇಳತೊಡಗಿದರು. ಬೇರೆ ದಾರಿ ಕಾಣದೆ ಅದನ್ನು ಮಾರಲು ತೊಡಗಿದರು. ಮೋಟಾರ್‌ಸೈಕಲ್ ಎಂದರೆ ಪುಂಡರ ಗಾಡಿ ಎಂಬ ಭಾವನೆಯನ್ನು ಅಳಿಸಿದ ಹೆಸರಾಂತ ಜಾಹೀರಾತಿನ ಮೂಲ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಒಬ್ಬ ಪದವಿ ವಿದ್ಯಾರ್ಥಿ 1963ರಲ್ಲಿ ತರಗತಿಗೆ ಬರೆದುಕೊಟ್ಟ ಅಸೈನ್‌ಮೆಂಟ್.

ಎರಡು ಕಥೆಗಳಲ್ಲಿ ಯಾವುದು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಾರ್ಖಾನೆಯಲ್ಲಿ ವೆಚ್ಚ ತಗ್ಗಿಸುವ ಕಸುವು ಇಲ್ಲದಿದ್ದರೆ ಸೂಪರ್ ಕಬ್‌ಗೆ ಬಂದ ಬೇಡಿಕೆಯನ್ನು ಪೂರೈಸುವುದು ಆಗುತ್ತಿರಲಿಲ್ಲ ಎಂಬುದೂ ನಿಜವೇ. ನಾನು ಅದರಿಂದ ಒಂದು ಅಭ್ಯಾಸ ತೆಗೆದುಕೊಂಡೆ. ಯಾವುದೇ ಕೇಸ್ ಸ್ಟಡಿ ಕೈಗೆ ಬಂದರೂ ನಿರ್ಧಾರ ತೆಗೆದುಕೊಂಡ ದಿನದವರೆಗೆ ಮಾತ್ರ ಓದಿ ಪುಸ್ತಕ ಮುಚ್ಚುತ್ತೇನೆ. ಆ ದಿನ ಅವರ ಮುಂದಿದ್ದ ದಾರಿಗಳೇನು, ಅವರಿಗೆ ಗೊತ್ತಿದ್ದದ್ದೆಷ್ಟು ಎಂದು ಬರೆಯುತ್ತೇನೆ. ಆಮೇಲಷ್ಟೇ ಮುಂದಿನ ಪುಟ. ಗೆದ್ದ ಕಥೆಯನ್ನು ಕೊನೆಯಿಂದ ಓದಿದರೆ ಎಲ್ಲವೂ ಜಾಣತನವಾಗಿ ಕಾಣುತ್ತದೆ, ಸೋತದ್ದನ್ನು ಹಾಗೆ ಓದಿದರೆ ಎಲ್ಲವೂ ದಡ್ಡತನವಾಗಿ.

ಕ್ಯಾಪ್ಟನ್ ಗೋಪಿನಾಥ್ ಅವರ ಕಡಿಮೆ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಇದಕ್ಕೆ ಒಳ್ಳೆಯ ಉದಾಹರಣೆ. ಕಥೆಯ ಕೊನೆ ಗೊತ್ತಿರುವವರು ಕಡಿಮೆ ದರವೇ ಮುಳುವಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆದರೆ 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ ಹಿಡಿದದ್ದೂ ಕಡಿಮೆ ದರದ ದಾರಿಯನ್ನೇ. ಡೆಕ್ಕನ್ ಸಣ್ಣ ಊರುಗಳಿಗೆ ಎಟಿಆರ್, ದೊಡ್ಡ ಊರುಗಳಿಗೆ ಏರ್‌ಬಸ್ ಎಂದು ಬಗೆಬಗೆಯ ವಿಮಾನ ಇಟ್ಟುಕೊಂಡಿತ್ತು. ಇಂಡಿಗೋ ಮೊದಲ ವರ್ಷಗಳಲ್ಲಿ ಒಂದೇ ಮಾದರಿಯ ವಿಮಾನಕ್ಕೆ ಅಂಟಿಕೊಂಡಿತು, ನೂರು ವಿಮಾನಗಳಿಗೆ ಒಮ್ಮೆಗೇ ಆರ್ಡರ್ ಕೊಟ್ಟಿತ್ತು. ತಂತ್ರದ ಹೆಸರು ಒಂದೇ ಆದರೂ ಒಳಗಿನ ಕೆಲಸಗಳ ಹೊಂದಾಣಿಕೆ ಬೇರೆ ಬೇರೆ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಊರಿನ ಕಥೆ, ಕ್ಯಾಂಪ್ಕೊ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಅದರ ಸದಸ್ಯರು. ಎಪ್ಪತ್ತರ ದಶಕದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಹಾಕಲು ಬೆಳೆಗಾರರಿಗೆ ಉತ್ತೇಜನ ಸಿಕ್ಕಿತ್ತು. ಗಿಡ ಫಲ ಕೊಡುವ ಹೊತ್ತಿಗೆ, 1980ರ ಸುಮಾರಿಗೆ, ಜಾಗತಿಕ ಬೆಲೆ ಬಿದ್ದು ಖರೀದಿ ನಿಂತುಹೋಯಿತು. ಸರ್ಕಾರಗಳ ಕೋರಿಕೆಯ ಮೇಲೆ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಶುರುವಾಯಿತು.

ಈಗ ಕಾರ್ಖಾನೆ ಕಟ್ಟುವ ನಿರ್ಧಾರದ ದಿನಕ್ಕೆ ಹಿಂದೆ ಹೋಗಿ ನೋಡೋಣ. ಆನ್ಸಾಫ್ ಎಂಬ ವಿದ್ವಾಂಸರು 1957ರಲ್ಲಿ ಕೊಟ್ಟ, ಉತ್ಪನ್ನ ಮತ್ತು ಮಾರುಕಟ್ಟೆಗಳ ನಾಲ್ಕು ಮೂಲೆಯ ಚೌಕದಲ್ಲಿ ಅಡಿಕೆ ಮಾರುವ ಸಂಸ್ಥೆ ಚಾಕೊಲೇಟ್ ಮಾಡುವುದೆಂದರೆ ಹೊಸ ಉತ್ಪನ್ನ, ಹೊಸ ಮಾರುಕಟ್ಟೆ, ಅಂದರೆ ನಾಲ್ಕರಲ್ಲಿ ಅತಿ ಅಪಾಯದ ಮೂಲೆ. ಪೋರ್ಟರ್ ಚಿತ್ರ ಹಾಕಿದರೂ ಅದೇ ಮಾತು. ದೇಶದಲ್ಲಿ ಬೇರೂರಿದ ಬ್ರ್ಯಾಂಡ್ ಆಗಲೇ ಇದೆ, ಯಂತ್ರಗಳಿಗೆ ದೊಡ್ಡ ಬಂಡವಾಳ ಬೇಕು, ನಮ್ಮ ಸೆಕೆಗೆ ಚಾಕೊಲೇಟ್ ಕರಗುತ್ತದೆ. ಎಲ್ಲ ಲೆಕ್ಕವೂ ಬೇಡ ಎನ್ನುತ್ತದೆ.

ಹಾಗಿದ್ದೂ ಕ್ಯಾಂಪ್ಕೊ ಏಕೆ ಇಳಿಯಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಪರಿಚಯದ ಹಿರಿಯ ಕೃಷಿಕರೊಬ್ಬರ ಜಗಲಿಯಲ್ಲಿ. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. “ಅಡಿಕೆ ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟರೆ ರೇಟು ಬರುವವರೆಗೆ ಕಾಯಬಹುದು. ಕೊಕ್ಕೋ ಒಡೆದ ಮೇಲೆ ಎಂತ ಕಾಯುವುದು? ಅವತ್ತೇ ಹೋಗಬೇಕು” ಎಂದರು. ಹಸಿ ಬೀಜವನ್ನು ಬೇಗನೆ ಹುದುಗಿಸಬೇಕು. ಹುದುಗಲು ರಾಶಿ ದೊಡ್ಡದಿರಬೇಕು, ಆಗಲೇ ಅದು ಒಳಗಿಂದ ಬಿಸಿಯೇರುವುದು. ಸಣ್ಣ ತೋಟದವನಿಗೆ ಅಷ್ಟು ಬೀಜ ಒಮ್ಮೆಗೆ ಸಿಗುವುದಿಲ್ಲ. ಕೊಳ್ಳುವವನು ಒಬ್ಬನೇ ಆಗಿದ್ದು ಅವನೂ ಹಿಂದೆ ಸರಿದರೆ ಬೆಳೆಗಾರನ ಕೈಯಲ್ಲಿ ಉಳಿಯುವುದು ಸೊನ್ನೆ. ಖರೀದಿದಾರರ ಚೌಕಾಸಿ ಶಕ್ತಿ ಎಂಬ ಪಠ್ಯದ ಸಾಲನ್ನು ದೊಡ್ಡಪ್ಪ ತಮ್ಮ ತೋಟದ ಲೆಕ್ಕದಲ್ಲಿ ಹೇಳಿಬಿಟ್ಟಿದ್ದರು.

ಮನೆಗೆ ಬಂದು ಪೋರ್ಟರ್ ಚಿತ್ರವನ್ನು ಮತ್ತೆ ಹರಡಿಕೊಂಡಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ಚಿತ್ರದಲ್ಲಿ ಕಚ್ಚಾ ಮಾಲು ಪೂರೈಸುವವನು ಲಾಭ ಕಸಿಯುವ ಶಕ್ತಿ. ಸಹಕಾರಿ ಸಂಸ್ಥೆಯಲ್ಲಿ ಅವನೇ ಮಾಲೀಕ. ಅವನಿಗೆ ಹೆಚ್ಚು ಬೆಲೆ ಕೊಟ್ಟರೆ ಲಾಭ ಸೋರಿತು ಎನ್ನುವಂತಿಲ್ಲ, ಸಂಸ್ಥೆ ಹುಟ್ಟಿದ್ದೇ ಅದಕ್ಕಾಗಿ. ಹಾಗಾದರೆ ಕಾರ್ಖಾನೆಯ ಯಶಸ್ಸನ್ನು ಚಾಕೊಲೇಟ್ ಮಾರಾಟದ ಲಾಭದಿಂದ ಮಾತ್ರ ಅಳೆಯುವುದು ತಪ್ಪು. ಕೊಕ್ಕೋ ಕೊಳ್ಳಲು ಊರಿನಲ್ಲೇ ಇನ್ನೊಬ್ಬ ಇದ್ದಾನೆ ಎಂಬ ಧೈರ್ಯವೂ ಆ ಲೆಕ್ಕಕ್ಕೆ ಸೇರಬೇಕು. ಆಮೇಲಿಂದ ಯಾವ ಚಿತ್ರ ಬರೆಯುವ ಮೊದಲೂ, ಈ ಸಂಸ್ಥೆ ಯಾರಿಗಾಗಿ ಇದೆ ಎಂದು ಒಂದು ಸಾಲು ಬರೆಯುತ್ತೇನೆ. ನಾನು ಓದಿದ ಪಠ್ಯದಲ್ಲಿ ಸಹಕಾರಿ ಸಂಸ್ಥೆಗಳಿಗೆ ಸಿಕ್ಕ ಜಾಗ ಬಹಳ ಕಡಿಮೆ. ಹಾಲು, ಅಡಿಕೆ, ಸಾಲ ಎಲ್ಲವೂ ಸಹಕಾರದ ಮೇಲೆ ನಿಂತಿರುವ ನಾಡಿನ ಮಕ್ಕಳಿಗೆ ಇದು ಸಾಲದು ಎಂದು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಓದಿನ ರೀತಿಯ ಬಗ್ಗೆ ಇನ್ನೆರಡು ಮಾತು. ಕಂಪನಿಯ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾಷಣಕ್ಕಿಂತ ಮೊದಲು ನಗದು ಹರಿವಿನ ಪಟ್ಟಿ ನೋಡಿ, ಹಣ ಎಲ್ಲಿಗೆ ಹೋಗಿದೆಯೋ ತಂತ್ರ ಅಲ್ಲಿರುತ್ತದೆ. ಗುಂಪು ಚರ್ಚೆಯಲ್ಲಿ ಎಲ್ಲರೂ ಒಪ್ಪಿದ ಉತ್ತರವನ್ನು ವಿರೋಧಿಸುವ ಕೆಲಸವನ್ನು ಒಬ್ಬರಿಗೆ ಮೊದಲೇ ವಹಿಸಿ. ಪರೀಕ್ಷೆಯಲ್ಲಿ ಮೂರು ದಾರಿ ಬರೆದರೆ ಸಾಕಾಗದು. ಒಂದನ್ನು ಆರಿಸಿ, ಅದಕ್ಕಾಗಿ ಕೈಬಿಟ್ಟದ್ದೇನು ಎಂದೂ ಬರೆಯಿರಿ.

ಕಾಲೇಜಿನ ಕಿರಿಯರು ಪ್ರಾಜೆಕ್ಟಿಗೆ ವಿಷಯ ಕೇಳಿದರೆ ಈಗ ಕೊಕ್ಕೋವನ್ನೇ ಹೇಳುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು, ಮರುವರ್ಷ ಇಳಿಯಿತು. ಬೆಲೆ ಏರಿದಾಗ ತೋಟದ ಸದಸ್ಯನಿಗೆ ಸುಗ್ಗಿ, ಅದೇ ಸದಸ್ಯನ ಕಾರ್ಖಾನೆಗೆ ಕಚ್ಚಾ ಮಾಲಿನ ಹೊರೆ. ಹೀಗಿರುವಾಗ ಹಸಿ ಬೀಜಕ್ಕೆ ಈ ವಾರ ಎಷ್ಟು ದರ ಕಟ್ಟುತ್ತೀರಿ, ಹೊಸದಾಗಿ ಗಿಡ ಹಾಕಿ ಎಂದು ಸದಸ್ಯರಿಗೆ ಹೇಳುತ್ತೀರಾ ಇಲ್ಲವಾ? ಮುಂದಿನ ವಾರದ ಧಾರಣೆ ಪತ್ರಿಕೆಯಲ್ಲಿ ಬರುವ ಮೊದಲು ಬರೆದುಕೊಡಿ ಎನ್ನುತ್ತೇನೆ.